ಇಪ್ಪತ್ತೊಂಬತ್ತರ ನಂತರ ಇಪ್ಪತ್ತಹತ್ತು

ಎಲ್ಲರಿಗೂ ನಮಸ್ಕಾರ.

ಎಳೆಯ ಮಕ್ಕಳಿಗೆ ಪಾಠ ಹೇಳುವುದರಲ್ಲಿರುವ ಕಷ್ಟ ಮತ್ತು ನಗು, ಇವೆರಡರ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡರು. ಮೊದಲರ್ಧ ಕಷ್ಟಕ್ಕೆ, ಉಳಿದರ್ಧ ನಗುವಿಗೆ ಎಂದು ಸಮಯವನ್ನು ಹಂಚಿಕೊಳ್ಳಲು ನಾನು ಯತ್ನಿಸಿದೆ. ಆದರೆ ಹಾಗೆ ಹಂಚಲು ಬರುವುದಿಲ್ಲ. ಐದರಿಂದ ಎಂಟು ವರ್ಷದ ಮಕ್ಕಳ ನಡುವೆ ದಿನ ಕಳೆಯುವವರಿಗೆ ಇವೆರಡೂ ಒಟ್ಟಿಗೇ ಎದುರಾಗುತ್ತವೆ. ಮಗು ಕೊಟ್ಟ ಉತ್ತರ ಕೇಳಿ ನಗು ಬರುತ್ತದೆ. ಆ ನಗು ತಣ್ಣಗಾಗುವ ಮೊದಲೇ, ಈ ಮಗು ಇಲ್ಲಿಗೆ ಯಾವ ದಾರಿಯಿಂದ ಬಂತು, ಇದನ್ನು ಇಲ್ಲಿಂದ ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ನಮಗೆ ನಗು ತರಿಸುವ ಉತ್ತರಗಳಲ್ಲಿ ಬಹುಪಾಲು ಮಗು ಪೂರ್ತಿ ಯೋಚಿಸಿ ಕೊಟ್ಟ ಉತ್ತರಗಳೇ ಎಂದು ನಾನು ನಂಬುತ್ತೇನೆ. ಇಂದು ಹೇಳುವುದಷ್ಟನ್ನೂ ಈ ನಂಬಿಕೆಯ ಸುತ್ತಲೇ ಹೇಳುತ್ತೇನೆ.

ಒಂದನೇ ತರಗತಿಯ ಅಭ್ಯಾಸದ ಹಾಳೆಯೊಂದನ್ನು ನೆನಪಿಸಿಕೊಳ್ಳಿ. ಮೇಲೆ ‘ಬಿಟ್ಟ ಸ್ಥಳ ತುಂಬಿರಿ’ ಎಂದಿದೆ. ಕೆಳಗೆ ಐದು ವಾಕ್ಯಗಳು, ಪ್ರತಿ ವಾಕ್ಯದಲ್ಲೂ ಒಂದೊಂದು ಗೆರೆ. ಹುಡುಗಿಯೊಬ್ಬಳು ಹಸಿರು ಬಣ್ಣದ ಪೆನ್ಸಿಲ್ ತೆಗೆದುಕೊಂಡು, ನಾಲಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಐದೂ ಗೆರೆಗಳ ಮೇಲಿನ ಖಾಲಿ ಜಾಗಕ್ಕೆ ಬಣ್ಣ ತುಂಬುತ್ತಾಳೆ. ಎಲ್ಲಿಯೂ ಬಣ್ಣ ಪಕ್ಕದ ಅಕ್ಷರಕ್ಕೆ ತಾಗಿಲ್ಲ. ತಂದು ಮೇಜಿನ ಮೇಲಿಟ್ಟು, "ಮಿಸ್, ಒಂದನ್ನೂ ಬಿಟ್ಟಿಲ್ಲ, ಎಲ್ಲಾ ತುಂಬಿದ್ದೀನಿ" ಎನ್ನುತ್ತಾಳೆ. ಅವಳು ಹೇಳಿದ್ದು ನಿಜ. ಹಾಳೆ ಏನು ಹೇಳಿತೋ ಅದನ್ನು ಅವಳು ಅಕ್ಷರಶಃ ಮಾಡಿದ್ದಾಳೆ, ಅದೂ ಅಚ್ಚುಕಟ್ಟಾಗಿ. ತುಂಬಬೇಕಾದದ್ದು ಪದವನ್ನು ಎಂಬುದು ಹಾಳೆಯ ಮೇಲೆ ಎಲ್ಲಿಯೂ ಇಲ್ಲ. ಅದು ದೊಡ್ಡವರಾದ ನಮ್ಮ ನಡುವೆ ಇರುವ, ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ.

ತರಗತಿಯಲ್ಲಿ ನಾವು ಆಡುವ ಮಾತಿನಲ್ಲಿ ಇಂಥ ಒಪ್ಪಂದಗಳು ಎಷ್ಟಿವೆಯೆಂಬುದು ಎಳೆಯ ಮಕ್ಕಳ ಎದುರು ನಿಂತಾಗಲೇ ತಿಳಿಯುತ್ತದೆ. ‘ಕಿವಿಗೊಟ್ಟು ಕೇಳಿ’ ಎಂದರೆ ಮುಂದಿನ ಸಾಲಿನ ಮಗು ತಲೆಯನ್ನು ವಾರೆ ಮಾಡಿ ಒಂದು ಕಿವಿಯನ್ನು ನಮ್ಮತ್ತ ಚಾಚುತ್ತದೆ. ‘ಸ್ವಲ್ಪ ತಲೆ ಓಡಿಸು’ ಎಂದರೆ ಇನ್ನೊಂದು ಮಗು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ, ಸಾಕೇ ಎಂಬಂತೆ ನೋಡುತ್ತದೆ. ಬಾಯಿಯ ಮೇಲೆ ಬೆರಳಿಡಿ ಎಂದು ಹೇಳಿ, ಐದು ನಿಮಿಷದ ನಂತರ ಪ್ರಶ್ನೆ ಕೇಳಿದರೆ, ಬೆರಳನ್ನು ಹಾಗೆಯೇ ತುಟಿಗೆ ಒತ್ತಿಕೊಂಡು ಉತ್ತರಿಸುವ ಮಕ್ಕಳಿದ್ದಾರೆ. ಬೆರಳು ತೆಗೆಯಿರಿ ಎಂದು ಯಾರೂ ಹೇಳಲಿಲ್ಲವಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಇದನ್ನು ತುಂಟತನವೆಂದು ಭಾವಿಸಿ ಗದರುವುದುಂಟು. ತುಂಟತನ ಇರುವುದೇ ಇಲ್ಲವೆಂದು ನಾನು ಹೇಳಲಾರೆ, ಖಂಡಿತ ಇರುತ್ತದೆ. ಆದರೆ ತುಂಟತನ ಮಾಡುವ ಮಗು ಪಕ್ಕದವರ ಮುಖ ನೋಡುತ್ತದೆ. ಹೇಳಿದಂತೆ ಮಾಡುತ್ತಿರುವ ಮಗು ನಮ್ಮ ಮುಖ ನೋಡುತ್ತದೆ. ಈ ವ್ಯತ್ಯಾಸವನ್ನು ಗುರುತಿಸಲು ಕಲಿತರೆ ಆ ವಯಸ್ಸಿನ ಮಕ್ಕಳ ಶಿಕ್ಷಕರ ದಿನದ ಅರ್ಧ ಸಿಟ್ಟು ಕಡಿಮೆಯಾಗುತ್ತದೆ.

ಮಕ್ಕಳ ತಪ್ಪು ಉತ್ತರಗಳನ್ನು ಗಂಭೀರವಾಗಿ ಕೇಳಿಸಿಕೊಂಡದ್ದರಿಂದಲೇ ಒಂದು ದೊಡ್ಡ ಶಾಸ್ತ್ರ ಬೆಳೆಯಿತು ಎಂಬುದನ್ನು ಇಲ್ಲಿ ನೆನೆಯಬೇಕು. 1920ರ ಸುಮಾರಿಗೆ ಜೀನ್ ಪಿಯಾಜೆ ಎಂಬ ತರುಣ ಪ್ಯಾರಿಸ್ಸಿನಲ್ಲಿ ಶಾಲಾ ಮಕ್ಕಳಿಗೆ ತರ್ಕದ ಪರೀಕ್ಷೆಗಳನ್ನು ಕೊಡುವ ಕೆಲಸ ಮಾಡುತ್ತಿದ್ದರು. ಅವರು ಓದಿದ್ದು ಜೀವಶಾಸ್ತ್ರ, ಡಾಕ್ಟರೇಟ್ ಪಡೆದದ್ದು ಶಂಖ-ಬಸವನಹುಳುಗಳಂಥ ಮೃದ್ವಂಗಿಗಳ ಮೇಲಿನ ಅಧ್ಯಯನಕ್ಕೆ. ಯಾವ ವಯಸ್ಸಿನ ಮಗು ಎಷ್ಟು ಸರಿ ಉತ್ತರ ಕೊಡುತ್ತದೆ ಎಂದು ಲೆಕ್ಕವಿಡುವುದು ಅವರಿಗೆ ವಹಿಸಿದ್ದ ಕೆಲಸವಾಗಿತ್ತು. ಆದರೆ ಅವರ ಕುತೂಹಲವೆಲ್ಲ ತಪ್ಪು ಉತ್ತರಗಳ ಕಡೆಗೆ ಹರಿಯಿತು, ಏಕೆಂದರೆ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ತಪ್ಪಿಗೂ ಒಂದು ಕ್ರಮವಿದೆಯೆಂದರೆ ಅದರ ಹಿಂದೆ ಒಂದು ಯೋಚನೆ ಇರಲೇಬೇಕು. ಅವರು ಮಕ್ಕಳ ಜೊತೆ ಮಾತಿಗೆ ಕುಳಿತು, ಹಾಗೇಕೆ ಅನ್ನಿಸಿತು ಎಂದು ಕೇಳತೊಡಗಿದರು. ಮುಂದಿನ ಅವರ ಜೀವಮಾನದ ಕೆಲಸವೆಲ್ಲ ಅಲ್ಲಿಂದ ಬಂದದ್ದು. ಅವರ ತೀರ್ಮಾನಗಳಲ್ಲಿ ಕೆಲವನ್ನು ನಂತರದವರು ತಿದ್ದಿದ್ದಾರೆ. ಆ ವಿಷಯಕ್ಕೆ ಬರುತ್ತೇನೆ. ಆದರೆ ಹಾಗೇಕೆ ಅನ್ನಿಸಿತು ಎಂಬ ಆ ಪ್ರಶ್ನೆಗಿಂತ ಒಳ್ಳೆಯ ಸಲಕರಣೆಯನ್ನು ಎಳೆಯ ಮಕ್ಕಳ ಶಿಕ್ಷಕರಿಗೆ ಯಾರೂ ಕೊಟ್ಟಿಲ್ಲ.

ಈ ಸಲಕರಣೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಎಣಿಕೆಯ ಪಾಠವೇ ಸಾಕು. ಮಗುವಿನ ಮುಂದೆ ಮಣಿಗಳ ರಾಶಿ ಇದೆ. ಒಂದೊಂದನ್ನೇ ಎಡಗಡೆಗೆ ಸರಿಸುತ್ತ ಎಣಿಸುತ್ತಿದೆ. ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಬೆರಳು ಮಣಿಯ ಮೇಲೆ ನಿಲ್ಲುತ್ತದೆ. ಒಂದು ಕ್ಷಣ ತಡೆದು, ‘ಇಪ್ಪತ್ತಹತ್ತು’ ಎನ್ನುತ್ತದೆ. ಯಾರೂ ತಡೆಯದಿದ್ದರೆ ‘ಇಪ್ಪತ್ತಹನ್ನೊಂದು, ಇಪ್ಪತ್ತಹನ್ನೆರಡು’ ಎಂದು ಸರಾಗವಾಗಿ ಮುಂದೆ ಹೋಗುತ್ತದೆ. ಕೇಳಿದವರಿಗೆ ನಗು ತಡೆಯಲಾಗುವುದಿಲ್ಲ. ಆದರೆ ಇಪ್ಪತ್ತಹತ್ತು ಎಂಬ ಸಂಖ್ಯೆಯನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ, ಅದು ಯಾರ ಬಾಯಲ್ಲೂ ಕೇಳಿಲ್ಲ. ಇಪ್ಪತ್ತರ ಮುಂದೆ ಒಂದರಿಂದ ಒಂಬತ್ತನ್ನು ಸೇರಿಸುತ್ತ ಬಂದ ಮಗು, ಒಂಬತ್ತರ ನಂತರ ಹತ್ತು ಬರುತ್ತದೆ ಎಂಬ ತನಗೆ ಗೊತ್ತಿದ್ದ ನಿಯಮವನ್ನು ತಾನೇ ಅಲ್ಲಿಗೆ ತಂದು ಜೋಡಿಸಿದೆ. ಬಾಯಿಪಾಠ ಒಪ್ಪಿಸುವ ಮಗು ಇಪ್ಪತ್ತೊಂಬತ್ತಕ್ಕೆ ನಿಂತುಬಿಡುತ್ತದೆ, ಇಲ್ಲವೇ ಇಪ್ಪತ್ತೊಂಬತ್ತರಿಂದ ಐವತ್ತಕ್ಕೆ ಹಾರುತ್ತದೆ. ಇಪ್ಪತ್ತಹತ್ತು ಎಂದ ಮಗುವಿಗೆ ಸಂಖ್ಯೆಗಳ ರಚನೆ ಸಿಕ್ಕಿದೆ, ಉಳಿದದ್ದು ಒಂದೇ ಹೆಜ್ಜೆ: ಇಪ್ಪತ್ತರ ಮೇಲೆ ಹತ್ತಾದರೆ ಅದಕ್ಕೆ ಮೂವತ್ತೆಂಬ ಹೊಸ ಹೆಸರಿದೆ ಎಂದು ತಿಳಿಯುವುದು. ಇಬ್ಬರನ್ನೂ ‘ಮೂವತ್ತರ ತನಕ ಎಣಿಸಲು ಬರುವುದಿಲ್ಲ’ ಎಂಬ ಒಂದೇ ಸಾಲಿನಲ್ಲಿ ಬರೆದು ಮುಗಿಸಿದರೆ, ಒಬ್ಬಳು ಎಷ್ಟು ಮುಂದೆ ಬಂದಿದ್ದಾಳೆ ಎಂಬುದು ನಮಗೇ ಕಾಣದೆ ಹೋಗುತ್ತದೆ.

ಇದೇ ಮಗು ಬರೆಯಲು ಕುಳಿತಾಗ ಮತ್ತೊಂದು ಬಗೆಯ ನಗು ಕಾದಿರುತ್ತದೆ. ಇಪ್ಪತ್ತಮೂರು ಬರೆ ಎಂದರೆ 203 ಎಂದು ಬರೆಯುತ್ತದೆ. ಮೊದಲು ಇಪ್ಪತ್ತು, ಅದರ ಪಕ್ಕದಲ್ಲಿ ಮೂರು. ಕಿವಿಗೆ ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಹಾಳೆಗೆ ಇಳಿಸಿದೆ. ಇಲ್ಲಿ ‘ಸೊನ್ನೆ ತೆಗೆ’ ಎಂದು ಹೇಳಿದರೆ ಮಗು ಆ ಸೊನ್ನೆಯನ್ನು ತೆಗೆಯುತ್ತದೆ. ನಾಳೆ ನೂರಾ ಐದು ಬರೆ ಎಂದಾಗ 15 ಎಂದು ಬರೆದು, ಸೊನ್ನೆ ತೆಗೆದಿದ್ದೇನೆ ಎಂದು ಹೆಮ್ಮೆಪಡುತ್ತದೆ. ಹತ್ತು ಕಡ್ಡಿಗಳ ಎರಡು ಕಟ್ಟು, ಮೂರು ಬಿಡಿಕಡ್ಡಿ ಇಟ್ಟು, ಆ ಎರಡು ಎಂಬುದು ಕಟ್ಟುಗಳ ಲೆಕ್ಕ ಎಂದು ಕೈಯಲ್ಲೇ ಕಾಣುವವರೆಗೆ ಈ ತಪ್ಪು ಹೋಗುವುದಿಲ್ಲ. ಅದಕ್ಕೆ ದಿನಗಳು ಬೇಕು, ಕೆಲವರಿಗೆ ವಾರಗಳು ಬೇಕು. ಒಂದೇ ಅಂಕೆ ತಾನು ಕುಳಿತ ಜಾಗಕ್ಕೆ ತಕ್ಕಂತೆ ಬೆಲೆ ಬದಲಿಸುತ್ತದೆ ಎಂಬುದು ಮನುಷ್ಯಕುಲಕ್ಕೇ ಬಹಳ ತಡವಾಗಿ ಹೊಳೆದ ವಿಚಾರ. ಆರು ವರ್ಷದ ಮಗು ಅದನ್ನು ಒಂದು ಪಿರಿಯಡ್‌ನಲ್ಲಿ ಹಿಡಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮಕ್ಕಳು ಕೇಳಿಯೇ ಇರದ ರೂಪಗಳನ್ನು ತಾವೇ ಕಟ್ಟುತ್ತಾರೆ ಎಂಬುದನ್ನು 1958ರಲ್ಲಿ ಜೀನ್ ಬರ್ಕೊ ಭಾಷೆಯ ವಿಷಯದಲ್ಲಿ ತೋರಿಸಿದ್ದರು. ಇಲ್ಲದ ಪ್ರಾಣಿಯ ಚಿತ್ರ ಬರೆದು, ಅದಕ್ಕೆ ಇಲ್ಲದ ಹೆಸರಿಟ್ಟು, ಅಂಥವು ಎರಡಾದರೆ ಏನನ್ನುವಿರಿ ಎಂದು ಕೇಳಿದಾಗ, ಎಳೆಯ ಮಕ್ಕಳು ಸರಿಯಾದ ಬಹುವಚನವನ್ನೇ ಹೇಳಿದರು. ಹಾಗೆಯೇ, 3 ಎಂಬ ಅಂಕೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವ ಮಗುವನ್ನು ಕಂಡು ಪೋಷಕರು ಗಾಬರಿಯಾಗುತ್ತಾರೆ. ಅಲ್ಲಿಯವರೆಗೆ ಆ ಮಗು ಕಂಡ ಲೋಕದಲ್ಲಿ ಎಡಕ್ಕೆ ಮುಖ ಮಾಡಿದ ನಾಯಿಯೂ ನಾಯಿಯೇ, ಬಲಕ್ಕೆ ಮುಖ ಮಾಡಿದ್ದೂ ನಾಯಿಯೇ. ದಿಕ್ಕು ಬದಲಾದರೆ ವಸ್ತುವೇ ಬೇರೆಯಾಗುತ್ತದೆ ಎಂಬ ವಿಚಿತ್ರ ನಿಯಮ ಅಕ್ಷರ ಮತ್ತು ಅಂಕೆಗಳೊಂದಿಗೆ ಹೊಸದಾಗಿ ಬಂದದ್ದು. ಐದಾರು ವರ್ಷದಲ್ಲಿ ಇದು ತೀರ ಸಾಮಾನ್ಯ, ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ.

ಈಗ ಶಿಕ್ಷಕರ ಕಡೆಗೆ ಬರುತ್ತೇನೆ, ಏಕೆಂದರೆ ಎಷ್ಟೋ ನಗೆಯ ಉತ್ತರಗಳನ್ನು ಹುಟ್ಟಿಸುವುದು ನಮ್ಮ ಪ್ರಶ್ನೆಗಳೇ. ಪಿಯಾಜೆಯವರ ಪ್ರಸಿದ್ಧ ಪ್ರಯೋಗವೊಂದರಲ್ಲಿ ಎರಡು ಸಾಲು ಬಿಲ್ಲೆಗಳನ್ನು ಸಮನಾಗಿ ಜೋಡಿಸಿ, ಎರಡರಲ್ಲೂ ಅಷ್ಟಷ್ಟೇ ಇವೆಯೇ ಎಂದು ಕೇಳಲಾಗುತ್ತದೆ. ಮಗು ಹೌದೆನ್ನುತ್ತದೆ. ಆಮೇಲೆ ಒಂದು ಸಾಲಿನ ಬಿಲ್ಲೆಗಳನ್ನು ದೂರ ದೂರ ಸರಿಸಿ, ಮತ್ತೆ ಅದೇ ಪ್ರಶ್ನೆ ಕೇಳಲಾಗುತ್ತದೆ. ಏಳಕ್ಕಿಂತ ಚಿಕ್ಕ ಮಕ್ಕಳಲ್ಲಿ ಅನೇಕರು, ಉದ್ದದ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತಾರೆ. 1974ರಲ್ಲಿ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲಾಂಕ್ ಒಂದು ಸಣ್ಣ ಬದಲಾವಣೆ ಮಾಡಿದರು: ಮೊದಲ ಪ್ರಶ್ನೆಯನ್ನು ಬಿಟ್ಟು, ಸರಿಸಿದ ನಂತರ ಒಂದೇ ಸಲ ಕೇಳಿದರು. ಆಗ ಸರಿ ಉತ್ತರ ಕೊಟ್ಟ ಮಕ್ಕಳು ಹೆಚ್ಚಾದರು. ದೊಡ್ಡವರು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳುತ್ತಿದ್ದಾರೆಂದರೆ ತನ್ನ ಮೊದಲ ಉತ್ತರ ತಪ್ಪಾಗಿರಬೇಕು ಎಂದು ಮಗು ತಿಳಿಯುತ್ತದೆ. ಇದೇ ಕಾಲದಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಬೇರೊಂದು ಉಪಾಯ ಹೂಡಿದರು. ಬಿಲ್ಲೆಗಳನ್ನು ಸರಿಸುವ ಕೆಲಸವನ್ನು ದೊಡ್ಡವರ ಕೈಯಿಂದ ಕಿತ್ತು ಒಂದು ತುಂಟ ಗೊಂಬೆ ಕರಡಿಗೆ ಕೊಟ್ಟರು. ಕರಡಿ ಬಂದು ಸಾಲನ್ನು ಚೆಲ್ಲಾಪಿಲ್ಲಿ ಮಾಡಿತು, ಮಕ್ಕಳು ನಕ್ಕರು, ಮತ್ತು ನಾಲ್ಕರಿಂದ ಆರು ವರ್ಷದವರಲ್ಲಿ ಬಹಳ ಹೆಚ್ಚು ಮಂದಿ ಈಗಲೂ ಅಷ್ಟೇ ಇವೆ ಎಂದು ಸರಿಯಾಗಿ ಹೇಳಿದರು. ಗೊಂಬೆ ಮಾಡಿದ ಕಿತಾಪತಿಗೆ ಅರ್ಥ ಹುಡುಕಬೇಕಾಗಿಲ್ಲ. ದೊಡ್ಡವರು ಕೈಯಾರೆ ಸರಿಸಿ ಕೇಳಿದರೆ ಅದಕ್ಕೇನೋ ಉದ್ದೇಶವಿರಬೇಕು.

ಪಾಠದ ನಡುವೆ ‘ಸರಿಯಾಗಿ ಯೋಚಿಸಿ ಹೇಳು, ಏಳೇನಾ?’ ಎಂದು ನಾವು ಕೇಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಏಳು ಸರಿಯಾಗಿಯೇ ಇದ್ದರೂ ಮಗು ತಕ್ಷಣ ಎಂಟು ಎನ್ನುತ್ತದೆ, ಹುಬ್ಬು ಇಳಿಯದಿದ್ದರೆ ಆರು ಎನ್ನುತ್ತದೆ. ಅದು ಮಣಿಗಳನ್ನು ಬಿಟ್ಟು ನಮ್ಮ ಹುಬ್ಬನ್ನು ಓದಲು ಶುರುಮಾಡಿದೆ.

ನಮ್ಮನ್ನು ಮೆಚ್ಚಿಸಲು ಮಕ್ಕಳು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಎರಡು ಉದಾಹರಣೆಗಳಿವೆ. 1980ರಲ್ಲಿ ಮಾರ್ಟಿನ್ ಹ್ಯೂಸ್ ಮತ್ತು ರಾಬರ್ಟ್ ಗ್ರೀವ್ ಐದು ಮತ್ತು ಏಳು ವರ್ಷದ ಮಕ್ಕಳಿಗೆ ಅರ್ಥವಿಲ್ಲದ ಪ್ರಶ್ನೆಗಳನ್ನು ಕೇಳಿದರು: ಹಾಲು ನೀರಿಗಿಂತ ದೊಡ್ಡದೇ? ಕೆಂಪು ಹಳದಿಗಿಂತ ಭಾರವೇ? ಮಕ್ಕಳು ಬಹುಪಾಲು ಎಲ್ಲರೂ ಉತ್ತರ ಕೊಟ್ಟರು, ಕಾರಣವನ್ನೂ ಕೊಟ್ಟರು. ಇನ್ನೊಂದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರ ಸುಮಾರಿಗೆ ಗಣಿತ ಶಿಕ್ಷಣದ ಸಂಶೋಧಕರು ನಡೆಸಿದ್ದು. ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ, ಹಡಗಿನ ಕ್ಯಾಪ್ಟನ್ ವಯಸ್ಸೆಷ್ಟು ಎಂಬುದು ಪ್ರಶ್ನೆ. ಎರಡು-ಮೂರು ವರ್ಷ ಶಾಲೆ ಕಂಡಿದ್ದ 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕೆಗಳನ್ನೇ ಬಳಸಿ ಕ್ಯಾಪ್ಟನ್‌ನ ವಯಸ್ಸನ್ನು ಲೆಕ್ಕ ಹಾಕಿಬಿಟ್ಟರು. ಮೊದಲ ಸಲ ಕೇಳಿದಾಗ ಯಾರಿಗಾದರೂ ನಗು ಬರುತ್ತದೆ. ನನಗೆ ಈಗ ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ‘ಬಿಟ್ಟ ಸ್ಥಳ’ಕ್ಕೆ ಹಸಿರು ಬಣ್ಣ ತುಂಬಿದ ಹುಡುಗಿ ಓದಿದ ಮಾತಿಗೆ ಅರ್ಥವಿದೆಯೆಂದು ನಂಬಿ ಆ ಅರ್ಥವನ್ನು ಹುಡುಕಿದ್ದಳು. ಕುರಿ, ಆಡುಗಳನ್ನು ಕೂಡಿಸಿ ಕ್ಯಾಪ್ಟನ್‌ಗೆ 36 ವರ್ಷ ಎಂದ ಮಗು, ಲೆಕ್ಕವೆಂದರೆ ಅರ್ಥ ಹುಡುಕಬೇಕಾದ ವಿಷಯವಲ್ಲ, ಎರಡು ಅಂಕೆ ಸಿಕ್ಕರೆ ಏನಾದರೂ ಮಾಡಿ ಉತ್ತರ ಒಪ್ಪಿಸಬೇಕು ಎಂಬುದನ್ನು ಶಾಲೆಯಲ್ಲಿ ಕಲಿತಿದೆ. ಈ ಎರಡು ತಪ್ಪುಗಳ ನಡುವಿನ ಅಂತರದಲ್ಲಿ ನಮ್ಮ ಕೈವಾಡವಿದೆ.

ಮಕ್ಕಳು ತಾವಾಗಿ ಮಾಡುವ ಹಾಸ್ಯದ ಬಗ್ಗೆಯೂ ಹೇಳಬೇಕು. ಐದು ವರ್ಷದ ಮಗುವಿಗೆ ಒಗಟಿನ ಆಕಾರ ಗೊತ್ತಿರುತ್ತದೆ, ಅದರ ಗುಟ್ಟು ಗೊತ್ತಿರುವುದಿಲ್ಲ. "ಮಿಸ್, ಆನೆ ಯಾಕೆ ಮರ ಹತ್ತಿತು ಹೇಳಿ?" ಎಂದು ಕೇಳುತ್ತದೆ. ನಾವು ಗೊತ್ತಿಲ್ಲ ಎಂದರೆ, "ಯಾಕೆಂದರೆ ಅದು ಆನೆ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತದೆ, ಸುತ್ತಲಿನ ಮಕ್ಕಳೂ ನಗುತ್ತಾರೆ. ಪ್ರಶ್ನೆ, ತಡೆ, ಉತ್ತರ, ನಗು ಎಂಬ ಕ್ರಮವನ್ನು ಅದು ಹಿಡಿದಿದೆ. ಒಂದು ಪದಕ್ಕೆ ಎರಡು ಅರ್ಥವಿರಬಹುದು, ಅವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದು ಎಂಬುದು ಏಳು ವರ್ಷದ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ; ಆಗ ನಿಜವಾದ ಒಗಟುಗಳು ತರಗತಿಗೆ ಪ್ರವಾಹದಂತೆ ನುಗ್ಗುತ್ತವೆ. ಶಿಕ್ಷಕರು ಆ ಮೊದಲಿನ, ಗುಟ್ಟಿಲ್ಲದ ಒಗಟುಗಳಿಗೂ ಮನಸಾರೆ ನಗಬೇಕು ಎಂದು ನಾನು ಹೇಳುತ್ತೇನೆ, ಏಕೆಂದರೆ ಮಗು ಆಗ ನಮ್ಮನ್ನು ನಗಿಸಲೆಂದೇ ಬಂದಿರುತ್ತದೆ.

ನಗಿಸಲು ಬಂದ ಮಗುವಿನೊಂದಿಗೆ ನಗುವುದಕ್ಕೂ, ಶ್ರದ್ಧೆಯಿಂದ ಉತ್ತರ ಹೇಳಿದ ಮಗುವನ್ನು ಕಂಡು ನಗುವುದಕ್ಕೂ ಇರುವ ದೂರ ಬಹಳ ದೊಡ್ಡದು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಸಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಒಂದು ದಿನ ಮೂಗು ಸೀಟಿಕೊಳ್ಳುವುದು ಹೇಗೆಂದು ಮಕ್ಕಳಿಗೆ ಸ್ವಲ್ಪ ತಮಾಷೆಯಾಗಿ ಹೇಳಿಕೊಡೋಣವೆಂದು ಹೊರಟರು. ಕರವಸ್ತ್ರವನ್ನು ಹೇಗೆ ಹಿಡಿಯಬೇಕು, ಸದ್ದಾಗದಂತೆ, ಯಾರಿಗೂ ಕಾಣದಂತೆ ಹೇಗೆ ಮಾಡಬೇಕು ಎಂದೆಲ್ಲ ತೋರಿಸಿದರು. ಮಕ್ಕಳು ನಗಲಿಲ್ಲ. ಕಣ್ಣು ಮಿಟುಕಿಸದೆ ನೋಡಿದರು, ಮುಗಿದ ಕೂಡಲೇ ಚಪ್ಪಾಳೆ ತಟ್ಟಿದರು. ಮೂಗಿನ ವಿಷಯಕ್ಕೆ ಆ ಮಕ್ಕಳು ಅಲ್ಲಿಯವರೆಗೆ ಬೈಗುಳವನ್ನಷ್ಟೇ ಕೇಳಿದ್ದರು. ಹೇಗೆ ಮಾಡಬೇಕೆಂದು ಸಮಾಧಾನದಿಂದ ತೋರಿಸಿಕೊಟ್ಟವರು ಯಾರೂ ಇರಲಿಲ್ಲ. ದೊಡ್ಡವರಿಗೆ ನಗೆಯಾಗಿ ಕಂಡ ವಿಷಯ ಅವರಿಗೆ ಮಾನದ ಪ್ರಶ್ನೆಯಾಗಿತ್ತು. ತರಗತಿಯಲ್ಲಿ ಇಪ್ಪತ್ತಹತ್ತು ಎಂದ ಮಗುವಿಗೆ ಎಲ್ಲರೂ ಗೊಳ್ಳೆಂದು ನಕ್ಕರೆ ಅದಕ್ಕೂ ಅದು ಮಾನದ ಪ್ರಶ್ನೆಯೇ. ಅಂಥ ಮಗು ಮರುದಿನ ಕೈ ಎತ್ತುವುದಿಲ್ಲ. ಆಮೇಲೆ ಅದರ ತಲೆಯಲ್ಲಿ ಯಾವ ಲೆಕ್ಕ ನಡೆದಿದೆ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಇಷ್ಟನ್ನು ಕೇಳಿದ ಶಿಕ್ಷಕರೊಬ್ಬರು, ಹಾಗೇಕೆ ಅನ್ನಿಸಿತು ಎಂದು ಒಂದೊಂದು ಮಗುವನ್ನೂ ಕೇಳುತ್ತ ಕೂರಲು ಸಮಯವೆಲ್ಲಿದೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಿಜವಾದ ಕಷ್ಟ ಇರುವುದು ಅಲ್ಲಿಯೇ. ಒಂದು ಮಗು ಎಣಿಸುತ್ತಿರುವಾಗ ಇನ್ನೊಂದಕ್ಕೆ ಶೂ ಲೇಸ್ ಬಿಚ್ಚಿರುತ್ತದೆ, ಮತ್ತೊಂದಕ್ಕೆ ತುರ್ತಾಗಿ ಹೊರಗೆ ಹೋಗಬೇಕಾಗಿರುತ್ತದೆ, ಹಿಂದಿನ ಸಾಲಿನಿಂದ ‘ಮಿಸ್, ಇವನು ನನ್ನ ರಬ್ಬರ್ ತಗೊಂಡ’ ಎಂಬ ದೂರು ಬಂದಿರುತ್ತದೆ. ಆ ದೂರುಗಳಲ್ಲಿ ಹೆಚ್ಚಿನವು ನಿಜವೇ ಆಗಿರುತ್ತವೆ, ಆದ್ದರಿಂದ ಚಾಡಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಕೈ ಎತ್ತಿದ ಮಗುವಿಗೆ ಅವಕಾಶ ಕೊಟ್ಟರೆ, ಮಳೆಯ ಪಾಠದ ನಡುವೆ ತನ್ನ ಹಲ್ಲು ಅಲ್ಲಾಡುತ್ತಿದೆ ಎಂದು ಹೇಳಿ ಬಾಯಿ ತೆರೆದು ತೋರಿಸುತ್ತದೆ. ಮುಂದಿನ ಹತ್ತು ಮಕ್ಕಳೂ ತಮ್ಮ ತಮ್ಮ ಹಲ್ಲಿನ ವೃತ್ತಾಂತಕ್ಕಾಗಿ ಕೈ ಎತ್ತುತ್ತಾರೆ. ಸಂಜೆಯ ಹೊತ್ತಿಗೆ ಗಂಟಲು ಬಿದ್ದುಹೋಗಿರುತ್ತದೆ, ಕಾಲು ಸೋತಿರುತ್ತದೆ. ಚಿಕ್ಕ ಮಕ್ಕಳ ಪಾಠವೆಂದರೆ ಸುಲಭದ ಕೆಲಸವೆಂದು ಮಾತನಾಡುವವರು ಒಂದು ಬೆಳಗ್ಗೆ ಆ ಕೋಣೆಯಲ್ಲಿ ನಿಂತು ನೋಡಬೇಕು.

ಆದರೂ ಆ ಗದ್ದಲದ ನಡುವೆಯೇ ಮಾಡಬಹುದಾದ ಕೆಲವು ಕೆಲಸಗಳಿವೆ, ಅವಕ್ಕೆ ಹೆಚ್ಚು ಸಮಯವೂ ಬೇಡ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಗೊತ್ತಿಲ್ಲ ಎನ್ನುವವರು ಕಡಿಮೆಯಾದರು, ಅಲ್ಲಿಯವರೆಗೆ ಸುಮ್ಮನಿದ್ದವರೂ ಮಾತನಾಡಿದರು. ತರಗತಿಯ ಎದುರು ಮೂರು ಸೆಕೆಂಡು ಸುಮ್ಮನೆ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ. ಮನಸ್ಸಿನಲ್ಲೇ ಎಣಿಸಿಕೊಂಡು ಅಭ್ಯಾಸ ಮಾಡಬೇಕಾಗುತ್ತದೆ. ಹಾಗೇಕೆ ಅನ್ನಿಸಿತು ಎಂಬ ಪ್ರಶ್ನೆಯನ್ನು ತಪ್ಪು ಉತ್ತರಕ್ಕೆ ಮಾತ್ರ ಕೇಳದೆ ಸರಿ ಉತ್ತರಕ್ಕೂ ಕೇಳಬೇಕು. ಇಲ್ಲದಿದ್ದರೆ ಆ ಪ್ರಶ್ನೆ ಬಂತೆಂದರೆ ತಪ್ಪಾಯಿತೆಂದೇ ಅರ್ಥ ಎಂದು ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ. ಆಗಾಗ ಉತ್ತರವೇ ಇಲ್ಲದ ಲೆಕ್ಕವೊಂದನ್ನು ಕೊಟ್ಟು, ‘ಇದನ್ನು ಹೇಳಲು ಆಗುವುದಿಲ್ಲ ಮಿಸ್’ ಎಂದ ಮಗುವಿಗೆ ಶಭಾಷ್ ಎನ್ನಬೇಕು.

ಇನ್ನೊಂದು ಕೋರಿಕೆ ಇಲ್ಲಿರುವ ಮುಖ್ಯ ಶಿಕ್ಷಕರಿಗೆ. ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲೂ ಊಟದ ಹೊತ್ತಿಗೆ ಮಕ್ಕಳ ತಮಾಷೆಯ ಉತ್ತರಗಳನ್ನು ಹೇಳಿಕೊಂಡು ನಗುತ್ತಾರೆ. ಆ ನಗು ಇರಲಿ, ಅದಿಲ್ಲದೆ ಆ ಕೆಲಸದ ದಣಿವನ್ನು ತಡೆದುಕೊಳ್ಳಲಾಗದು. ಆದರೆ ಮಗುವಿನ ಹೆಸರನ್ನು ಬಿಟ್ಟು ಆ ಉತ್ತರಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ಪಕ್ಕದಲ್ಲಿ ಆ ಮಗು ಕೊಟ್ಟ ಕಾರಣವನ್ನೂ ಬರೆಯಿರಿ. ತಿಂಗಳಿಗೊಮ್ಮೆ ಶಿಕ್ಷಕರೆಲ್ಲ ಕುಳಿತು ಅದನ್ನು ಓದಿದರೆ, ಯಾವ ಸೂಚನೆ ಮಕ್ಕಳಿಗೆ ಬೇರೆಯಾಗಿ ಕೇಳಿಸಿದೆ, ಸ್ಥಾನಬೆಲೆಗೆ ಇನ್ನೆಷ್ಟು ದಿನ ಕೊಡಬೇಕು, ಯಾವ ಪ್ರಶ್ನೆಯನ್ನೇ ತಿದ್ದಬೇಕು ಎಂಬುದೆಲ್ಲ ಆ ಪುಟಗಳಲ್ಲೇ ಸಿಗುತ್ತದೆ. ಹೊಸದಾಗಿ ಒಂದನೇ ತರಗತಿಗೆ ಬರುವ ಶಿಕ್ಷಕರಿಗೆ ಪಠ್ಯಪುಸ್ತಕದ ಜೊತೆಯಲ್ಲಿ ಆ ನೋಟ್ ಪುಸ್ತಕವನ್ನೂ ಕೊಡಿ.